ಹಳೆ ಹೆಲ್ಮೆಟ್ ಕೊಳ್ಳುವಿರಾ? ಮೊದಲು ಮಗುಚಿ ನೋಡಿ

ಮೊದಲ ಮಹಾಯುದ್ಧ ಶುರುವಾದಾಗ ಕಂದಕದಲ್ಲಿ ಕೂತ ಬ್ರಿಟಿಷ್ ಸೈನಿಕನ ತಲೆಗೆ ಇದ್ದದ್ದು ಬಟ್ಟೆ ಟೋಪಿ. ಮೇಲೆ ಸಿಡಿದ ಗುಂಡಿನ ಚೂರುಗಳು ನೆತ್ತಿಗೇ ಬೀಳತೊಡಗಿದ ಮೇಲೆ, 1915ರಲ್ಲಿ ಫ್ರೆಂಚರು ಆಡ್ರಿಯನ್, ಬ್ರಿಟಿಷರು ಬ್ರೋಡಿ ಹೆಲ್ಮೆಟ್ ತಂದರು. 1916ರಲ್ಲಿ ಜರ್ಮನರ ಸ್ಟಾಲ್‌ಹೆಲ್ಮ್ ಬಂತು. ಸಂಗ್ರಹಕ್ಕೆ ಹೊಸಬರಾದರೆ ಬ್ರೋಡಿಯಿಂದಲೇ ಶುರು ಮಾಡಿ. ಸ್ಟಾಲ್‌ಹೆಲ್ಮ್‌ನಲ್ಲಿ ನಕಲಿಗಳ ಕಾಟ ವಿಪರೀತ.

ಬ್ರೋಡಿ ನೋಡಲು ಬೋರಲು ಹಾಕಿದ ಬೋಗುಣಿಯ ಹಾಗೆ. ಕೈಗೆ ಸಿಕ್ಕ ಕೂಡಲೇ ಅದನ್ನು ಮಗುಚಿ. ಒಳಗಿನ ಮೆತ್ತೆಪಟ್ಟಿಯನ್ನು ನೆತ್ತಿಯಲ್ಲಿ ಹಿಡಿದಿರುವುದು ರಿವೆಟ್ಟೋ ಸ್ಕ್ರೂವೋ? ಮೊದಲ ಯುದ್ಧದ್ದಕ್ಕೆ ರಿವೆಟ್, ಗಲ್ಲಕ್ಕೆ ಚರ್ಮದ ಪಟ್ಟಿ. ಸ್ಕ್ರೂ ಇದ್ದರೆ ಅದು ಬ್ರೋಡಿಯದೇ ಎರಡನೇ ಮಹಾಯುದ್ಧದ ರೂಪವಾದ ಮಾರ್ಕ್ 2, ಇಲ್ಲವೇ ಹಳೆ ಚಿಪ್ಪಿಗೆ ಆಮೇಲೆ ಹೊಸ ಒಳಪಟ್ಟಿ ಹಾಕಿದ್ದು. ನಾನು ಕೊಂಡ ಮೊದಲನೆಯದರಲ್ಲಿ ಸ್ಕ್ರೂ ಮಿರಮಿರ ಮಿಂಚುತ್ತಿತ್ತು; ಅಂಗಡಿಯವ ಹೇಳಿದ ಕತೆಗೆ ಮರುಳಾಗಿ ನೋಡಲೇ ಇಲ್ಲ.

ಜೇಬಿನಲ್ಲೊಂದು ಆಯಸ್ಕಾಂತ ಇರಲಿ. ಬ್ರೋಡಿಯ ಚಿಪ್ಪು ಹ್ಯಾಡ್‌ಫೀಲ್ಡ್ ಮ್ಯಾಂಗನೀಸ್ ಉಕ್ಕಿನದು, ಆಯಸ್ಕಾಂತ ಅಂಟುವುದಿಲ್ಲ. ಗಟ್ಟಿಯಾಗಿ ಕಚ್ಚಿಕೊಂಡರೆ ಅನುಮಾನಪಡಿ. ಅಂಚಿನ ಪಟ್ಟಿಗೆ ಅಂಟಿದರೆ ಗಾಬರಿ ಬೇಡ: 1916ರಲ್ಲಿ ಬಂದ ಬ್ರೋಡಿ ಮಾರ್ಕ್ 1ರ ಅಂಚಿಗೆ ಮಡಚಿ ಕೂರಿಸಿದ್ದು ಸಾದಾ ಉಕ್ಕು. ಈ ಪರೀಕ್ಷೆ ಆಟಿಕೆ ನಕಲನ್ನು ಹಿಡಿದುಕೊಡುತ್ತದೆ, ಯಾವ ಯುದ್ಧದ್ದೆಂದು ಹೇಳುವುದಿಲ್ಲ.

ಅಂಚಿನ ಕೆಳಮೈಯಲ್ಲಿ ಒತ್ತಿದ ಅಕ್ಷರಗಳನ್ನು ಟಾರ್ಚ್ ಓರೆಯಾಗಿ ಹಿಡಿದು ಓದಿ. 'ಎಚ್ಎಸ್' ಎಂದಿದ್ದರೆ ತಯಾರಿಸಿದ್ದು ಹ್ಯಾಡ್‌ಫೀಲ್ಡ್ ಕಂಪನಿ. 'ಜೆಡ್‌ಸಿ' ಎಂದಿದ್ದರೆ ಬ್ರೋಡಿಯನ್ನೇ ಹೋಲುವ ಅಮೆರಿಕನ್ನರ 1917ರ ಮಾದರಿ. ಬಣ್ಣ ಎಲ್ಲೆಡೆ ಒಂದೇ ಸಮ ಸವೆದಿದ್ದರೆ ಯಾರೋ ಕೂತು ಉಜ್ಜಿದ್ದಾರೆ. ನಿಜವಾದ ಸವೆತ ಕೈ ಹಿಡಿಯುವ ಅಂಚಿನಲ್ಲೇ ಹೆಚ್ಚು.

ಮೈಸೂರು ಲ್ಯಾನ್ಸರ್ಸ್‌ನವರ ಹೆಲ್ಮೆಟ್ ಎಂದು ಯಾರಾದರೂ ದುಪ್ಪಟ್ಟು ಬೆಲೆ ಹೇಳಿದರೆ ದಾಖಲೆ ಕೇಳಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಅವರು ಕುದುರೆ ಸವಾರರು, ಕಂದಕದವರಲ್ಲ.

ಮನೆಗೆ ತಂದ ಮೇಲೆ ಮರಳು ಕಾಗದ ಮುಟ್ಟಲೇಬೇಡಿ. ಹಳೆ ಬಣ್ಣ ಹೋದರೆ ಅರ್ಧ ಬೆಲೆಯೇ ಹೋದಂತೆ; ಅದರ ಪುಡಿಯಲ್ಲಿ ಸೀಸವೂ ಇರಬಹುದು. ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ, ಚರ್ಮಕ್ಕೆ ಅಡುಗೆ ಎಣ್ಣೆ ಹಚ್ಚದೆ ಹಾಗೇ ಬಿಡಿ. ಗಲ್ಲದ ಪಟ್ಟಿಯಿಂದ ಮೊಳೆಗೆ ನೇತುಹಾಕಬೇಡಿ, ಹರಿಯುತ್ತದೆ. ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಿ.

ವಿದೇಶದಲ್ಲಿರುವ ನೆಂಟರಿಗೆ ಕಳಿಸುವ ಯೋಚನೆಯಿದ್ದರೆ ತುಸು ತಡೆಯಿರಿ. ನೂರು ವರ್ಷ ದಾಟಿದ್ದರಿಂದ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರಬಹುದು. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಿ.