ಚಂದಾ ಪುಸ್ತಕ ಹಿಡಿಯದೆ ಶಾಲೆಗೆ ಹೆಂಚು ಹಾಕಿಸಿದ್ದು

ಊರಿನ ಶಾಲೆಯ ಸೋರುವ ಮಾಡಿಗೆ ಅಂತ ಆಕಾಶಬುಟ್ಟಿ, ದೇವರಿಗೆ ಹಾಕುವ ಅರಳೆಯ ಗೆಜ್ಜೆವಸ್ತ್ರ ಮಾಡಿ ಮಾರಿದೆವು. ಹೋದ ದೀಪಾವಳಿಗೆ, ಅಂದರೆ 2025ರಲ್ಲಿ, ಖರ್ಚೆಲ್ಲ ಕಳೆದು ಸುಮಾರು 42 ಸಾವಿರ ರೂಪಾಯಿ ಉಳಿಯಿತು. ಯಾರ ಮನೆ ಬಾಗಿಲಿಗೂ ಚಂದಾ ಪುಸ್ತಕ ಹಿಡಿದು ಹೋಗಿಲ್ಲ. ಬಿದಿರು ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟು, ಒಂದಿಷ್ಟು ಅರಳೆ, ಇಷ್ಟರಲ್ಲೇ ಆಯಿತು. "ಕಾಗದ ಕತ್ತರಿಸಿ ಹೆಂಚು ಹೊದಿಸೋಕಾಗುತ್ತೇನವ್ವ?" ಅಂತ ಎರಡು ವರ್ಷ ನಕ್ಕವರೇ ಈಗ "ನಮ್ಮ ಅತ್ತೆ ಊರಿನ ಶಾಲೆಗೂ ಒಂಚೂರು ಹೇಳಿಕೊಡಕ್ಕ" ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಆಕಾಶಬುಟ್ಟಿ ಕಟ್ಟುವುದು ನಿಮಗೆ ಗೊತ್ತಿರುತ್ತದೆ. ಅದನ್ನು ಹೇಳುವುದಿಲ್ಲ. ಮನೆ ಮನೆಯವರನ್ನು ಕೂರಿಸಿ ಕೆಲಸ ತೆಗೆಯುವುದೇ ಕಷ್ಟ, ದುಡ್ಡು ಕೈಗೆ ಬರುವುದು ಅದಕ್ಕಿಂತ ಕಷ್ಟ.

ನಮ್ಮದು ಹಾಸನದಿಂದ ಸಾಲಗಾಮೆ ಕಡೆ ಹೋಗುವ ದಾರಿಯಲ್ಲಿ ಒಂದು ಊರು. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಾಕುತ್ತೇನೆ, ಕುಚ್ಚು ಕಟ್ಟುತ್ತೇನೆ. ಮಗಳು ಸರ್ಕಾರಿ ಶಾಲೆಯಲ್ಲಿ ಓದುವುದರಿಂದ ಎಸ್‌ಡಿಎಂಸಿಗೆ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಗೆ, ಸೇರಿಸಿದರು. ಎರಡು ಕೊಠಡಿ ಸೋರುತ್ತಿತ್ತು. ರೀಪು, ಹೆಂಚು, ಕೂಲಿ ಸೇರಿ 65 ಸಾವಿರ ಚಿಲ್ಲರೆ ಆಗುತ್ತದೆ ಅಂತ ಮೇಸ್ತ್ರಿ ಲೆಕ್ಕ ಕೊಟ್ಟಿದ್ದರು. ಚಂದಾ ಎತ್ತಿದರೆ ಗಣಪತಿಗೆ ಕೊಟ್ಟೆವು, ಜಾತ್ರೆಗೆ ಕೊಟ್ಟೆವು, ಮತ್ತೆ ಇದಕ್ಕೂ ಕೊಡಬೇಕಾ ಅನ್ನುತ್ತಾರೆ. ಅವರದ್ದೂ ತಪ್ಪಲ್ಲ ಬಿಡಿ.

2023ರಲ್ಲಿ ಮೊದಲ ಸಲ ಮಾಡಿದಾಗ ಎಲ್ಲರಿಗೂ ತೋಚುವ ದಾರಿಯನ್ನೇ ಹಿಡಿದೆವು. ಪ್ರತಿ ಮನೆಯಿಂದ ಎರಡೆರಡು ಆಕಾಶಬುಟ್ಟಿ ಮಾಡಿ ತನ್ನಿ, ಒಟ್ಟಿಗೆ ಮಾರೋಣ ಅಂತ. ಬಂದವು. ಒಂದು ಕುಂಬಳಕಾಯಿ ಗಾತ್ರ, ಇನ್ನೊಂದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಕೆಲವು ನಕ್ಷತ್ರಕ್ಕೆ ಒಂದು ಮೂಲೆ ಉದ್ದ. ಕೊಳ್ಳುವವರು ಚೆನ್ನಾಗಿರುವುದನ್ನು ಆರಿಸಿಕೊಂಡು ಹೋದರು, ಅರ್ಧಕ್ಕರ್ಧ ಉಳಿಯಿತು. ಆಮೇಲೆ ಶುರುವಾಯಿತು ನೋಡಿ: "ನಮ್ಮ ಹುಡುಗಿ ಮಾಡಿದ್ದು ಯಾಕೆ ಮಾರಲಿಲ್ಲ? ಮುಂದೆ ಇಟ್ಟಿರಲಿಲ್ಲ ಅನ್ಸುತ್ತೆ." ಒಂದು ಮನೆಯವರು ಇವತ್ತಿಗೂ ನನ್ನ ಹತ್ತಿರ ಸೀರೆ ಕೊಡುವುದಿಲ್ಲ. ಸಾಲದ್ದಕ್ಕೆ ಮಾರಲು ನಿಂತವರ ಬೋಂಡ, ಟೀ ಖರ್ಚನ್ನೇ ಒಂದೂವರೆ ಸಾವಿರದ ಹತ್ತಿರ ಬರೆದಿದ್ದರು. ಹಾಕಿದ್ದು ನಾಲ್ಕು ಸಾವಿರ, ಬಂದದ್ದು ಮೂರೂವರೆ.

ಈ ಜಗಳದಿಂದಲೇ ದಾರಿ ಹೊಳೆಯಿತು. ಒಂದು ಮನೆ ಪೂರ್ತಿ ಬುಟ್ಟಿ ಮಾಡಲೇಬಾರದು. ಒಂದು ಮನೆಗೆ ಒಂದೇ ಕೆಲಸ. ಬಿದಿರು ಸೀಳುವ ಮನೆ ಬರೀ ಸೀಳಬೇಕು. ಕಡ್ಡಿ ಕಟ್ಟುವ ಮನೆ ಬರೀ ಕಟ್ಟಬೇಕು. ಕಾಗದ ಕತ್ತರಿಸುವುದು ಒಂದು ಮನೆ, ಅಂಟಿಸುವುದು ಇನ್ನೊಂದು, ಬಾಲ ಮತ್ತು ಗೊಂಡೆ ಮಗದೊಂದು. ಆಗ ಯಾವ ಬುಟ್ಟಿಯೂ ಯಾರದ್ದೂ ಅಲ್ಲ, ಹಾಗಾಗಿ ಉಳಿದರೂ ಯಾರಿಗೂ ಬೇಜಾರಿಲ್ಲ. ಗಾತ್ರವೂ ಒಂದೇ ಬರುತ್ತದೆ, ಕೈಯೂ ಪಳಗುತ್ತದೆ. ಇದನ್ನು ಸಭೆಯಲ್ಲಿ ಹೇಳಿದಾಗ "ಇದೇನು ಗಾರ್ಮೆಂಟ್ಸಾ?" ಅಂತ ಒಬ್ಬರು ಕೇಳಿದರು. ಹೌದು, ಹಾಗೇ ಅಂದೆ.

ಯಾರಿಗೆ ಯಾವ ಕೆಲಸ ಅನ್ನುವುದರಲ್ಲಿ ನನ್ನ ಜಾಣತನ ಸ್ವಲ್ಪ ಇದೆ, ಹೇಳಿಕೊಳ್ಳುತ್ತೇನೆ. ನಮ್ಮ ಕಡೆ ಆಲೂಗೆಡ್ಡೆ ಕೀಳುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ಗಂಡಸರನ್ನು ಆಗ ಕರೆದರೆ ಒಬ್ಬರೂ ಬರುವುದಿಲ್ಲ. ಆದರೆ ಆಲೂಗೆಡ್ಡೆ ಮುಗಿದ ಮೇಲೆ, ರಾಗಿ ಕುಯ್ಲು ಶುರುವಾಗುವ ಮೊದಲು ಒಂದು ಬಿಡುವು ಸಿಗುತ್ತದೆ. ದೀಪಾವಳಿ ಸರಿಯಾಗಿ ಅದರೊಳಗೆ ಬೀಳುತ್ತದೆ. ಬಿದಿರಿನ ಕೆಲಸ ಅವರಿಗೆ. ಅದಕ್ಕೆ ಮೊದಲು ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ, ಅದು ಅಜ್ಜಿಯರಿಗೆ.

ಗೆಜ್ಜೆವಸ್ತ್ರವನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಬಂಡವಾಳಕ್ಕೆ ಹೋಲಿಸಿದರೆ ಜಾಸ್ತಿ ಲಾಭ ಅದರಲ್ಲೇ ಬಂತು. ಅರಳೆ, ಕುಂಕುಮ, ಮಿಂಚಿನ ಕಾಗದ, ಪ್ಲಾಸ್ಟಿಕ್ ಕವರ್, ಎಲ್ಲ ಸೇರಿ ಒಂದು ಸಾವಿರ, ಸಾವಿರದಿನ್ನೂರು ಇರಬಹುದು. ಬಂದದ್ದು ಹತ್ತು ಸಾವಿರದ ಹತ್ತಿರ. ಮೆಡಿಕಲ್ ಶಾಪಿನ ಹತ್ತಿ ತಂದುಕೊಟ್ಟಾಗ ಅಜ್ಜಿಯರು ಎತ್ತಿ ಆಚೆ ಇಟ್ಟರು. ಹೊಸೆದರೆ ನಿಲ್ಲುವುದಿಲ್ಲ, ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯ ಅರಳೆಯೇ ಬೇಕು ಅಂತ. ಬೆರಳಿಗೆ ಒಂದು ತೊಟ್ಟು ಹಾಲು ಮುಟ್ಟಿಸಿಕೊಂಡು ಹೊಸೆಯುವ ಅವರ ವೇಗ ನಮಗೆಲ್ಲ ಬರಲ್ಲ ಬಿಡಿ. ಗೌರಿಗೆ 16 ಎಳೆ, ಗಣಪತಿಗೆ 21 ಅಂತ ಎಣಿಸಿ ಜೋಡಿ ಮಾಡಿದರು. 16 ಎಳೆಯ ಗೌರಿದಾರವನ್ನೂ ಜೊತೆಗೆ ಇಡಿ ಅಂದದ್ದು ಅವರೇ. ಆ ಜೋಡಿಗೆ 50 ರೂಪಾಯಿ ಇಟ್ಟೆವು. ಬೆಂಗಳೂರಿನಲ್ಲಿರುವ ಊರಿನ ಹೆಣ್ಣುಮಕ್ಕಳು ಮಾತಾಡದೆ ತಗೊಂಡರು. ಎಂಬತ್ತು ದಾಟಿದ ಒಬ್ಬ ಅಜ್ಜಿ ಸೊಸೆಗೆ "ನಾನು ಶಾಲೆಗೆ ದುಡಿದಿದ್ದೀನಿ, ಮೊದಲು ಕಾಫಿ ಕೊಡು" ಅನ್ನುತ್ತಿದ್ದರಂತೆ.

ಮಳೆಗಾಲದಲ್ಲಿ ಕುಂಕುಮ ತಂಪಿಗೆ ಹರಡಿಕೊಂಡು ಅರಳೆಯೆಲ್ಲ ಗುಲಾಬಿ ಆಗುತ್ತದೆ. ಕುಂಕುಮ ಕಲಸುವಾಗ ನೀರು ಸಾಕಷ್ಟು ಕಡಿಮೆ ಮಾಡಿ, ಒಣಗಿದ ಮೇಲೆ ಮಾತ್ರ ಕವರಿಗೆ ಹಾಕಿ.

ಇನ್ನು ಬಿದಿರು. ಆಲೂರು ಕಡೆಯ ತೋಟದವರೊಬ್ಬರಿಂದ ತಂದೆವು, ಒಂದಕ್ಕೆ 120ರ ಹಾಗೆ ಬಿತ್ತು ಅಂತ ನೆನಪು. 2024ರಲ್ಲಿ ಹಸಿ ಬಿದಿರು ಸೀಳಿ ತಕ್ಷಣ ಕಟ್ಟಿಬಿಟ್ಟರು. ಒಣಗುತ್ತಾ ಸೊಟ್ಟಗಾಯಿತು, ಕಟ್ಟು ಸಡಿಲವಾಯಿತು. ಕೆಲವಕ್ಕೆ ಹುಳ ಬಿದ್ದು ಹಳದಿ ಪುಡಿ ಉದುರಿತು. ಆಮೇಲೆ ಮೇದರ ಹಿರಿಯರೊಬ್ಬರನ್ನು ಕರೆಸಿ ಒಂದು ದಿನದ ಕೂಲಿ ಕೊಟ್ಟು ಕಲಿತೆವು. ಆ 700 ರೂಪಾಯಿಯಷ್ಟು ಒಳ್ಳೆ ಖರ್ಚು ನಾವು ಬೇರೆ ಮಾಡಿಲ್ಲ. ಸೀಳಿದ ಕಡ್ಡಿಯನ್ನು ಕೆಲವು ದಿನ ನೀರಲ್ಲಿ ನೆನೆ ಹಾಕಿ, ನೀರು ಬದಲಾಯಿಸುತ್ತಾ ಇದ್ದು, ಆಮೇಲೆ ನೆರಳಲ್ಲಿ ಒಣಗಿಸಬೇಕು. ಬಿದಿರಲ್ಲಿರುವ ಗಂಜಿ ನೀರಿಗೆ ಬಿಟ್ಟರೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಈಗ ಸೌದೆ ಒಲೆ ಇರುವ ಮನೆಯೊಂದರ ಅಟ್ಟದ ಮೇಲೆ ಒಣಗಿಸುತ್ತೇವೆ.

ಮೈದಾ ಅಂಟಿಗೂ ಅದೇ ವರ್ಷ ಗತಿ ಕೆಟ್ಟಿತ್ತು. ಒಂದೇ ಸಲ ಬಕೆಟ್ ತುಂಬ ಕಾಯಿಸಿಟ್ಟರು, ಮಳೆ ಹಿಡಿಯಿತು, ಬೂಷ್ಟು ಬಂತು. ಅಂಟಿಸಿ ಮೂಲೆಯಲ್ಲಿ ಜೋಡಿಸಿಟ್ಟ ಬುಟ್ಟಿಗಳ ಅಂಚನ್ನು ಜಿರಳೆ ತಿಂದವು. ಮೂವತ್ತೋ ನಲವತ್ತೋ ಹಾಳಾದವು. ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುತ್ತಾರಲ್ಲ, ನಾವೂ ಅದನ್ನೇ ಹಾಕುತ್ತೇವೆ. ಆದರೆ ಅದು ವಿಷ. ಅಂಟು ಕಾಯಿಸುವುದು, ಹಚ್ಚುವುದು ದೊಡ್ಡವರೇ. ಮಕ್ಕಳ ಕೈಗೆ ಕತ್ತರಿ, ರಟ್ಟಿನ ಅಳತೆ, ಕಾಗದ ಮಾತ್ರ. ಇದರಲ್ಲಿ ರಾಜಿ ಇಲ್ಲ.

ಕಾಗದ ಅಂಟಿಸಿದಾಗ ಸುಕ್ಕು ಬಂದರೆ ಹೆದರಬೇಡಿ. ಅಂಟು ಒಣಗಿದ ಮೇಲೆ ಇಸ್ತ್ರಿಗೆ ಚಿಮುಕಿಸುವ ಬಾಟಲಿಯಿಂದ ನೀರು ತೆಳುವಾಗಿ ಹೊಡೆಯಿರಿ. ಒಣಗುವಾಗ ಕಾಗದ ತಾನೇ ಬಿಗಿಯಾಗುತ್ತದೆ, ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ. ಇದಾದ ಮೇಲೆ ತುಂತುರು ಮಳೆ ತಡೆಯಲು ಮೇಲೊಂದು ತೆಳು ಲೇಪ ಕೊಡುತ್ತೇವೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲವನ್ನೂ ಹೇಳಿಬಿಟ್ಟರೆ ಮುಂದಿನ ವರ್ಷ ನಮ್ಮ ಬುಟ್ಟಿಗೇನು ಹೆಚ್ಚುಗಾರಿಕೆ, ಅಲ್ವಾ?

ಮಾರಾಟದ ವಿಷಯಕ್ಕೆ ಬರುತ್ತೇನೆ. ಹಾಸನಾಂಬೆ ಗುಡಿ ಬಾಗಿಲು ತೆಗೆಯುವುದೇ ವರ್ಷಕ್ಕೊಂದು ಸಲ, ದೀಪಾವಳಿ ಹೊತ್ತಿಗೆ. 2024ರಲ್ಲಿ ಅಕ್ಟೋಬರ್ 24ಕ್ಕೆ ತೆಗೆದರು. ಲಕ್ಷಗಟ್ಟಲೆ ಜನ ಬರುತ್ತಾರೆ, ಅಲ್ಲಿ ಮೇಜು ಹಾಕಿಕೊಂಡರೆ ಸಂಜೆಯೊಳಗೆ ಖಾಲಿ ಅಂತ ಊರಿನ ಬುದ್ಧಿವಂತರೆಲ್ಲ ಹೇಳಿದರು. ನನಗೂ ಹೌದೆನ್ನಿಸಿತು. ಆಟೋ ಬಾಡಿಗೆ ಕೊಟ್ಟು, ಗುಡಿಯಿಂದ ಬರುವ ರಸ್ತೆಯೊಂದರಲ್ಲಿ ಜಾಗ ಹಿಡಿದು ಕೂತೆವು. ಗಂಟೆಗಟ್ಟಲೆ ಸಾಲಲ್ಲಿ ನಿಂತು ಸುಸ್ತಾದವರು, ದೂರದ ಊರಿನ ಬಸ್ಸು ಹಿಡಿಯಬೇಕಾದವರು, ಕೈಯಲ್ಲಿ ಮಗು ಬೇರೆ. ಅವರು ಕಾಗದದ ಬುಟ್ಟಿ ಹಿಡಿದುಕೊಂಡು ಬಸ್ಸಲ್ಲಿ ನಿಲ್ಲುತ್ತಾರಾ? ನೋಡಿದರು, ಚೆನ್ನಾಗಿದೆ ಅಂದರು, ಹೋದರು. ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದವರು ನಮಗಿಂತ ಎಷ್ಟೋ ಪಟ್ಟು ಸಂಪಾದಿಸಿದರು. ಉಳಿದದ್ದನ್ನು ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ತಂದು ನಿಂತಾಗ ಸ್ವಲ್ಪ ಹೋಯಿತು, ಏಕೆಂದರೆ ಅಲ್ಲಿಗೆ ಬರುವವರು ಹಾಸನದವರೇ, ಹಬ್ಬಕ್ಕೆ ಸಾಮಾನು ತಗೊಂಡು ನೇರ ಮನೆಗೆ ಹೋಗುವವರು. ಆ ವರ್ಷ ಹೆಣಗಾಡಿ 12 ಸಾವಿರ ಉಳಿಯಿತು.

ಬಲ್ಬು, ಹೋಲ್ಡರು, ವೈರು ಸೇರಿಸಿ ಕೊಡುತ್ತಿದ್ದದ್ದನ್ನೂ ಆಮೇಲೆ ಬಿಟ್ಟೆವು. ಒಂದು ಸೆಟ್ಟಿಗೆ 70 ಬೀಳುತ್ತಿತ್ತು, ಲಾಭ ಸೊನ್ನೆ. ಬಲ್ಬು ಹತ್ತಲಿಲ್ಲ ಅಂತ ಬುಟ್ಟಿಯನ್ನೇ ವಾಪಸ್ ತಂದರು. ಈಗ ಬರೀ ಬುಟ್ಟಿ. ಚಿಕ್ಕ ಎಲ್‌ಇಡಿ ಬಲ್ಬನ್ನೇ ಹಾಕಿ, ಹಳೆ ಕಾಲದ ಬಿಸಿಯಾಗುವ ಬಲ್ಬು ಬೇಡ ಅಂತ ಚೀಟಿ ಅಂಟಿಸುತ್ತೇವೆ.

2025ರಲ್ಲಿ ಆರ್ಡರ್ ಬರದೆ ಒಂದು ಕಡ್ಡಿಯನ್ನೂ ಸೀಳಬಾರದು ಅಂತ ಹಟ ಹಿಡಿದೆ. ಆ ವರ್ಷ ಗೌರಿ ಹಬ್ಬ ಆಗಸ್ಟ್ 26ಕ್ಕೆ, ದೀಪಾವಳಿ ಅಕ್ಟೋಬರ್ ಮೂರನೇ ವಾರ. ನಡುವೆ ಎರಡು ತಿಂಗಳ ಹತ್ತಿರ ಸಿಕ್ಕಿತು. ಪ್ರತಿ ಗೆಜ್ಜೆವಸ್ತ್ರದ ಕವರಿನೊಳಗೆ ಒಂದು ಸಣ್ಣ ಚೀಟಿ ಇಟ್ಟೆವು: ದೀಪಾವಳಿಗೆ ಆಕಾಶಬುಟ್ಟಿ ಬೇಕಾದರೆ 50 ರೂಪಾಯಿ ಮುಂಗಡ, ಈ ನಂಬರಿಗೆ. ಗೌರಿಗೆ ತಗೊಂಡ ಮನೆಯೇ ದೀಪಾವಳಿಗೂ ತಗೊಂಡಿತು, ಜೊತೆಗೆ ಅಕ್ಕಪಕ್ಕದವರಿಗೂ ಹೇಳಿತು. ಮಕ್ಕಳ ಫೋಟೋ ಹಾಕಲಿಲ್ಲ, ಕನಿಕರಕ್ಕೆ ಮಾರುವುದು ನನಗೆ ಇಷ್ಟವಿಲ್ಲ. ಬುಟ್ಟಿಯ ಫೋಟೋ, ಸೋರುವ ಮಾಡಿನ ಫೋಟೋ, ಇಷ್ಟೇ ವಾಟ್ಸಾಪಿನಲ್ಲಿ ಹೋಗಿದ್ದು. ಮುಂಗಡದ ದುಡ್ಡಲ್ಲೇ ಕಾಗದ, ಬಿದಿರು ಬಂತು. ಕೈಯಿಂದ ಯಾರೂ ಹಾಕಲಿಲ್ಲ.

ಸಣ್ಣದು 100, ದೊಡ್ಡದು 220. ಸಣ್ಣದಕ್ಕೆ ನಮಗೆ 25ರ ಹಾಗೆ ಬೀಳುತ್ತದೆ, ದೊಡ್ಡದಕ್ಕೆ 55, 60. ಸಣ್ಣದು 180ರಷ್ಟು, ದೊಡ್ಡದು 120ರಷ್ಟು ಹೋಯಿತು ಅಂತ ಲೆಕ್ಕ. ಪ್ಲಾಸ್ಟಿಕ್ಕಿನದು ಅಂಗಡಿಯಲ್ಲಿ 150ಕ್ಕೆ ಸಿಗುವಾಗ ನಮ್ಮದಕ್ಕೆ ಯಾರು 220 ಕೊಡುತ್ತಾರೆ ಅಂದಿದ್ದರು. ಕೊಟ್ಟರಲ್ಲ! ಗೊಂಡೆ ನೋಡಿಯೇ ಕೊಟ್ಟರು ಅಂತ ನನ್ನ ಅಭಿಪ್ರಾಯ. ಕುಚ್ಚು ಕಟ್ಟಿ ಉಳಿದ ರೇಷ್ಮೆ ದಾರ ನಮ್ಮ ಮನೆಯಲ್ಲಿ ಚೀಲಗಟ್ಟಲೆ ಬಿದ್ದಿತ್ತು. ಅದು ಪುಗಸಟ್ಟೆ.

ದುಡ್ಡಿನ ಲೆಕ್ಕ ಇಬ್ಬರ ಸಹಿ ಇಲ್ಲದೆ ಪುಸ್ತಕಕ್ಕೆ ಏರುವುದಿಲ್ಲ. ವಾರಕ್ಕೊಮ್ಮೆ ಹಾಳೆಯ ಫೋಟೋ ಗುಂಪಿಗೆ ಹೋಗುತ್ತದೆ. ಕೊನೆಗೆ ಎಲ್ಲ ಎಸ್‌ಡಿಎಂಸಿ ಖಾತೆಗೆ. ಟೀ, ತಿಂಡಿ ಅವರವರ ಮನೆಯದ್ದೇ. ದುಡಿದ ಮನೆಗೆ ಒಂದು ಸಣ್ಣ ಬುಟ್ಟಿ ಉಚಿತ, ಅದಕ್ಕಿಂತ ಬೇರೆ ಏನಿಲ್ಲ. ಕೂಲಿ ಕೊಡೋಣ ಅಂತ ಒಬ್ಬರು ಹೇಳಿದ್ದರು, ನಾನೇ ಬೇಡ ಅಂದೆ. ಗಂಟೆಗಿಷ್ಟು ಅಂತ ಶುರು ಮಾಡಿದರೆ ಅಜ್ಜಿ ಗಂಟೆ ಎಷ್ಟು, ಮೊಮ್ಮಗನ ಗಂಟೆ ಎಷ್ಟು ಅಂತ ಮತ್ತೆ ಪಂಚಾಯಿತಿ.

ಬೇರೆ ಆಟಗಳೂ ಆಡಿದೆವು. ಮಾರಾಟಕ್ಕೆ ಬಾರದ ಗೋಲಿ ಆಲೂಗೆಡ್ಡೆ ಕೊಯ್ದು ಅಚ್ಚು ಮಾಡಿ ಬುಟ್ಟಿ ಕಾಗದದ ಮೇಲೆ ಹೂ ಒತ್ತಿಸಿದೆವು. ತೆಳು ಕಾಗದ ಒದ್ದೆಯಾಗಿ ಹರಿಯಿತು. ಆದರೆ ದಪ್ಪ ಕಂದು ಕಾಗದಕ್ಕೆ ಚೆನ್ನಾಗಿ ಬಂತು, ಅದರಲ್ಲಿ ಸಂಕ್ರಾಂತಿಗೆ ಎಳ್ಳು ಹಂಚುವ ಕವರ್ ಮಾಡಿದೆವು. ಸಕ್ಕರೆ ಅಚ್ಚೂ ಮಾಡಿದೆವು. ಮರದ ಅಚ್ಚು ಹಳೆ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಇವೆ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆಯುವುದು, ಸೋಸುವುದು, ಸರಿಯಾದ ಹದಕ್ಕೆ ತಿರುವಿ ಹುಯ್ಯುವುದು ಇಬ್ಬರಿಗೆ ಮಾತ್ರ ಬರುತ್ತಿತ್ತು. ಅವರು ಸುಸ್ತಾದರು, ಕೆಲಸ ನಿಂತಿತು. ಎಳ್ಳು ಬೆಲ್ಲ ಮಾಡೋಣ ಅಂದರೆ ಕೊಬ್ಬರಿ ರೇಟು ಕೇಳಿ ಸುಮ್ನೆ ಎದ್ದು ಬಂದೆವು. ಕವರ್ ಮಾತ್ರ ಮುಂದುವರಿಸುತ್ತೇವೆ.

ಎರಡು ವರ್ಷದ್ದು ಸೇರಿ 54 ಸಾವಿರ ಆಯಿತು. ಮೇಸ್ತ್ರಿ ಕೂಲಿಯಲ್ಲಿ ಸ್ವಲ್ಪ ಬಿಟ್ಟರು, ಹಳೆ ಹೆಂಚು ಇಳಿಸುವ ಕೆಲಸ ಪೋಷಕರೇ ಮಾಡಿದರು. ಎರಡೂ ಕೊಠಡಿ ಮುಗಿದಿದೆ. ಮುಂದಿನದು ಕುಡಿಯುವ ನೀರಿನ ಫಿಲ್ಟರ್. ಸಣ್ಣ ಬುಟ್ಟಿಗೆ ಈ ಸಲ 120 ಮಾಡೋಣ ಅಂತ ನಾನು, 100 ದಾಟಿದರೆ ಜನ ತಗೊಳ್ಳಲ್ಲ ಅಂತ ಉಳಿದವರು. ಗೌರಿ ಹಬ್ಬದ ಕವರಿಗೆ ಹಾಕುವ ಚೀಟಿ ಅಚ್ಚಿಗೆ ಹೋಗುವ ಮೊದಲು ಇದು ತೀರ್ಮಾನ ಆಗಬೇಕು.