ಜೋರ್ಹಾಟ್ ಹತ್ರದ ಕಾಡಲ್ಲಿ ಹೂಲಾಕ್ ಗಿಬ್ಬನ್ ನೋಡ್ಬೇಕು ಅನ್ನೋರಿಗೆ

ಗೊರಿಲ್ಲಾ, ಚಿಂಪಾಂಜಿ ನೋಡೋಕೆ ಆಫ್ರಿಕಾಗೇ ಹೋಗ್ಬೇಕು, ಅದು ಸರಿ. ಆದ್ರೆ ಬಾಲ ಇಲ್ಲದ ಆ ವಾನರ ಗುಂಪಿಗೆ ಸೇರಿದ್ದು ಒಂದು ನಮ್ಮ ದೇಶದಲ್ಲೇ ಇದೆ ಅಂತ ತುಂಬಾ ಜನಕ್ಕೆ ಗೊತ್ತೇ ಇಲ್ಲ, ಅದೇ ಹೂಲಾಕ್ ಗಿಬ್ಬನ್. ನಮ್ಮ ಘಟ್ಟದ ಸಿಂಗಳೀಕ, ಮುಸಿಯ ಎಲ್ಲಾ ಕೋತಿ ಕಡೆಯವು, ಇದು ಬೇರೆ. ಈಶಾನ್ಯದ ಕಾಡುಗಳಲ್ಲಿ ಮಾತ್ರ ಇರೋದು, ಅದ್ರಲ್ಲೂ ಸುಲಭವಾಗಿ ಹೋಗಿ ನೋಡ್ಬೋದಾದ ಜಾಗ ಅಂದ್ರೆ ಅಸ್ಸಾಂನ ಜೋರ್ಹಾಟ್ ಜಿಲ್ಲೆಯ ಹೊಲ್ಲೊಂಗಾಪಾರ್ ಗಿಬ್ಬನ್ ಅಭಯಾರಣ್ಯ.

ಮೊದಲು ಒಂದು ಮಾತು. ಕಾಜಿರಂಗಾಗೆ ಹೋದೋರು ವಾಪಸ್ ಬರ್ತಾ ದಾರೀಲಿ ಇದನ್ನೂ ಮುಗಿಸ್ಕೊಂಡು ಬರೋಣ ಅಂತ ಮಧ್ಯಾಹ್ನ ಎರಡು ಗಂಟೆಗೆ ಬಂದು ಇಳೀತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಗಿಬ್ಬನ್ ಬೆಳಗಿನ ಪ್ರಾಣಿ, ಹಾಡೋದು ಓಡಾಡೋದು ಎಲ್ಲಾ ಬೆಳಗ್ಗೆನೇ ಜಾಸ್ತಿ, ಸಂಜೆ ಬೆಳಕಿರೋವಾಗ್ಲೇ ಎತ್ತರದ ಮರ ಹಿಡಿದು ಮಲಗಿಬಿಡತ್ತೆ. ಅಸ್ಸಾಂನಲ್ಲಿ ಡಿಸೆಂಬರ್ ತಿಂಗಳಲ್ಲಿ ನಾಲ್ಕೂವರೆ ಹೊತ್ತಿಗೆಲ್ಲಾ ಸೂರ್ಯ ಮುಳುಗೋದ್ರಿಂದ ನಮ್ಮೂರಿನ ಲೆಕ್ಕದಲ್ಲಿ ಪ್ಲಾನ್ ಮಾಡಿದ್ರೆ ಕೆಲಸ ಕೆಡತ್ತೆ. ಜೋರ್ಹಾಟಲ್ಲೋ ಮರಿಯಾನಿ ಕಡೇನೋ ಎರಡು ರಾತ್ರಿ ಉಳ್ಕೊಂಡು ಎರಡು ಬೆಳಗ್ಗೆ ಇದಕ್ಕೇ ಅಂತ ಇಟ್ಕೊಳ್ಳಿ. ಒಂದಿನ ಮಂಜೋ ಮಳೆಯೋ ಆಗಿ ಅವು ಸುಮ್ನೆ ಕೂತುಬಿಟ್ರೂ ಇನ್ನೊಂದಿನ ಕೈಲಿರತ್ತೆ.

ಹೋಗೋದು ಕಷ್ಟ ಏನಿಲ್ಲ. ಬೆಂಗಳೂರಿಂದ ಗುವಾಹಟಿಗೆ ಫ್ಲೈಟ್, ಅಲ್ಲಿಂದ ಜೋರ್ಹಾಟ್ ಸುಮಾರು 300 ಕಿಲೋಮೀಟರ್, ರೈಲಲ್ಲಿ ಹೋಗೋದಾದ್ರೆ ಮರಿಯಾನಿ ಜಂಕ್ಷನ್ ಕಾಡಿಗೆ ತೀರಾ ಹತ್ರ. ಜೋರ್ಹಾಟಲ್ಲೂ ಏರ್‌ಪೋರ್ಟ್ ಇದೆ. ನವೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ಮಳೆಗಾಲದಲ್ಲಿ ಇಂಬಳದ ಕಾಟ ಸಿಕ್ಕಾಪಟ್ಟೆ, ಮಲೆನಾಡಿನೋರಿಗೆ ಅದನ್ನ ಹೇಳ್ಕೊಡೋದೇನೂ ಬೇಡ. ಒಣಗಾಲದಲ್ಲೂ ತಗ್ಗಿನ ಜಾಗದಲ್ಲಿ ಒಂದೋ ಎರಡೋ ಇದ್ದೇ ಇರತ್ತೆ, ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕ್ಕೊಂಡು ಹೋಗಿ.

ಪರ್ಮಿಟ್ ಅರಣ್ಯ ಇಲಾಖೆಯೋರ ಹತ್ರ ಸಿಗತ್ತೆ. ಹಿಂದಿನ ದಿನವೇ ಹೋಗಿ ಎಷ್ಟು ಗಂಟೆಗೆ ಒಳಗೆ ಬಿಡ್ತಾರೆ, ಯಾರು ಜೊತೆಗೆ ಬರ್ತಾರೆ ಅಂತ ಮಾತಾಡ್ಕೊಂಡು ಬನ್ನಿ, ಕೈಲಿ ಸ್ವಲ್ಪ ಕ್ಯಾಶ್ ಇರ್ಲಿ. ಒಳಗೆ ಜೀಪ್ ಸಫಾರಿ ಗಿಫಾರಿ ಇಲ್ಲ, ನಡಿಗೇನೇ. ಆನೆ ಇರೋ ಕಾಡು ಆದ್ರಿಂದ ಗಾರ್ಡ್ ಜೊತೆಗೇ ಹೋಗ್ಬೇಕು, ಅವ್ರು ನಿಲ್ಲಿ ಅಂದ್ರೆ ನಿಲ್ಬೇಕು ವಾಪಸ್ ಅಂದ್ರೆ ವಾಪಸ್. ಯಾವ ಕುಟುಂಬ ಈಗ ಯಾವ ಹಣ್ಣಿನ ಮರದಲ್ಲಿದೆ ಅಂತ ದಿನಾ ಓಡಾಡೋ ಅವ್ರಿಗೇ ಗೊತ್ತು. ದಾದಾ (ಅಲ್ಲಿ ಅಣ್ಣ ಅಂತ ಅರ್ಥ) ಅಂತ ಮಾತಾಡ್ಸಿ, ಅಲ್ಲಿ ಗಿಬ್ಬನ್‌ಗೆ ಹಲೌ ಅಂತಾರೆ, ಅಷ್ಟು ಹೇಳಿದ್ರೆ ಅರ್ಥ ಆಗತ್ತೆ.

ಒಳಗೆ ಹೋದ್ಮೇಲೆ ಹುಡುಕ್ಕೊಂಡು ಓಡಾಡ್ಬೇಡಿ, ನಿಂತು ಕೇಳಿಸ್ಕೊಳ್ಳಿ. ಮೊದಲು ಒಂದು ಸಣ್ಣ ಹೂ ಅನ್ನೋ ಥರ ಕೂಗು, ಆಮೇಲೆ ಗಂಡು ಹೆಣ್ಣು ಎರಡೂ ಸೇರ್ಕೊಂಡು ಏರ್ತಾ ಏರ್ತಾ ಜೋಡಿಯಾಗಿ ಹಾಡ್ತವೆ, ಪಕ್ಕದ ಕುಟುಂಬ ಅದಕ್ಕೆ ಉತ್ತರ ಕೊಡತ್ತೆ. ದೂರದವರೆಗೂ ಕೇಳತ್ತೆ, ಆ ದಿಕ್ಕಿಗೆ ಗಾರ್ಡ್ ಕರ್ಕೊಂಡು ಹೋಗ್ತಾರೆ. ಹತ್ರ ಹೋದ್ಮೇಲೆ ಅಲ್ಲಾಡೋ ಕೊಂಬೆ ನೋಡಿ. ಉದ್ದ ಬಾಲ ಇಳಿಬಿಟ್ಕೊಂಡು ಧಡ್ ಅಂತ ಹಾರ್ತಿದ್ರೆ ಅದು ಲಂಗೂರ್. ಗಿಬ್ಬನ್ ಹಾರೋದಕ್ಕಿಂತ ತೂಗಾಡ್ಕೊಂಡು ಹೋಗೋದೇ ಜಾಸ್ತಿ, ಒಂದು ಕೈ ಬಿಟ್ಟು ಇನ್ನೊಂದು ಕೈಗೆ ಕೊಂಬೆ ಸಿಗೋ ಮಧ್ಯದಲ್ಲಿ ಇಡೀ ಮೈ ಗಾಳೀಲಿರತ್ತೆ, ಬಾಲ ಅನ್ನೋದು ಇಲ್ವೇ ಇಲ್ಲ. ಕಪ್ಪು ಮೈ, ಬಿಳಿ ಹುಬ್ಬು ಇದ್ರೆ ಗಂಡು. ಬೆಳೆದ ಹೆಣ್ಣು ತಿಳಿ ಕಂದು ಬಣ್ಣ. ಮರಿ ಹುಟ್ಟುವಾಗ ಬೆಳ್ಳಗೆ ಇರತ್ತೆ, ಆಮೇಲೆ ಗಂಡಾಗ್ಲಿ ಹೆಣ್ಣಾಗ್ಲಿ ಕಪ್ಪಾಗತ್ತೆ, ಹೆಣ್ಣು ಮಾತ್ರ ದೊಡ್ಡದಾದ್ಮೇಲೆ ಮತ್ತೆ ಕಂದಾಗತ್ತೆ. ಹಾಗಾಗಿ ಕಪ್ಪಗಿರೋದೆಲ್ಲಾ ಗಂಡಲ್ಲ, ಬೆಳೀತಿರೋ ಹೆಣ್ಣೂ ಆಗಿರ್ಬೋದು.

8x42 (ಎಂಟು ಪಟ್ಟು ಹತ್ರ ತೋರ್ಸೋ) ಬೈನಾಕ್ಯುಲರ್ ಇದ್ರೆ ಸಾಕು, ಮೊಬೈಲ್ ಕ್ಯಾಮೆರಾದಲ್ಲಿ ಕಪ್ಪು ಚುಕ್ಕೆ ಬಿಟ್ರೆ ಏನೂ ಬರಲ್ಲ. ಕ್ಯಾಮೆರಾ ತಗೊಂಡು ಹೋದೋರು ಎಕ್ಸ್‌ಪೋಶರ್ ಒಂದು ಸ್ಟಾಪ್ ಜಾಸ್ತಿ ಇಟ್ಕೊಳ್ಳಿ, ಹಿಂದೆ ಬಿಳೀ ಆಕಾಶ ಇರೋದ್ರಿಂದ ಮುಖ ಪೂರ್ತಿ ಕಪ್ಪಾಗಿಬಿಡತ್ತೆ.

ಈಗ ಮುಖ್ಯವಾದ್ದು. ಈ ಕಾಡು ಬರೀ 20.98 ಚದರ ಕಿಲೋಮೀಟರ್. 1881ರಲ್ಲಿ ಮೀಸಲು ಅರಣ್ಯ ಆಯ್ತು, 1997ರಲ್ಲಿ ಅಭಯಾರಣ್ಯ ಆಯ್ತು, ಸುತ್ತಾ ಟೀ ತೋಟ, ಮಧ್ಯದಲ್ಲಿ ರೈಲ್ವೆ ಲೈನ್ ಹಾದು ಕಾಡನ್ನ ಎರಡು ಭಾಗ ಮಾಡಿದೆ. ಮರದಿಂದ ಮರಕ್ಕೇ ಓಡಾಡೋ ಪ್ರಾಣಿ ಇದು, ಕೆಳಗಿಳಿಯೋದು ಅಪರೂಪ, ಮೇಲೆ ಕೊಂಬೆಗಳು ಕೂಡದೇ ಇದ್ರೆ ಹಳಿ ಆಚೆ ಹೋಗೋದೂ ಕಷ್ಟ ಟೀ ತೋಟ ದಾಟೋದೂ ಕಷ್ಟ. ಅಂದ್ರೆ ನಾವು ಗಲಾಟೆ ಮಾಡಿ ಬೇಜಾರು ಮಾಡಿದ್ರೆ ಅವಕ್ಕೆ ಬೇರೆ ಊರಿಲ್ಲ. ಆದ್ರಿಂದ ಮೊಬೈಲಲ್ಲಿ ಗಿಬ್ಬನ್ ಕೂಗು ಹಾಕಿ ಕರೆಯೋದು ಬೇಡವೇ ಬೇಡ, ತಮ್ಮ ಜಾಗಕ್ಕೆ ಬೇರೆ ಕುಟುಂಬ ನುಗ್ಗಿದೆ ಅಂದ್ಕೊಂಡು ತಿನ್ನೋದು ಬಿಟ್ಟು ಗಾಬರಿಯಾಗ್ತವೆ. ಬಾಳೆಹಣ್ಣು ಕೊಡ್ಬೇಡಿ, ಮರ ತಟ್ಬೇಡಿ. ನೆಗಡಿ ಕೆಮ್ಮು ಇದ್ರೆ ಅವತ್ತು ರೂಮಲ್ಲೇ ಇರಿ, ನಮ್ಮ ಉಸಿರಾಟದ ಕಾಯಿಲೆಗಳು ವಾನರಗಳಿಗೂ ಅಂಟ್ತವೆ, ಗುಂಪಲ್ಲಿ ಹೋಗೋದಾದ್ರೆ ಮಾಸ್ಕ್ ಹಾಕ್ಕೊಳ್ಳೋದು ಒಳ್ಳೇದು. ಒಂದೇ ಮರದ ಕೆಳಗೆ ತಾಸುಗಟ್ಲೆ ನಿಲ್ಬೇಡಿ, ಕಣ್ತುಂಬ ನೋಡಿ ಜಾಗ ಬಿಡಿ.

ಗಿಬ್ಬನ್ ಸಿಕ್ಕಿದ ಮೇಲೂ ಹೊರಡೋ ಆತುರ ಬೇಡ, ಇಷ್ಟು ಸಣ್ಣ ಕಾಡಲ್ಲಿ ಇದನ್ನೂ ಸೇರಿ ಏಳು ಥರದ ಪ್ರೈಮೇಟ್‌ಗಳಿವೆ, ಅಂದ್ರೆ ಕೋತಿ, ವಾನರ, ಲೋರಿಸ್ ಎಲ್ಲಾ ಸೇರೋ ಗುಂಪಿನವು. ಬಾಲ ಮೋಟಾಗಿರೋ, ಮುಖ ಕೆಂಪಗಿರೋ ಸ್ಟಂಪ್‌ಟೇಲ್ಡ್ ಮಕಾಕ್ ಗುಂಪು ನೆಲದ ಮೇಲೇ ತರಗೆಲೆ ಕೆದಕ್ತಾ ಹೋಗ್ತಿರತ್ತೆ, ಅದು ಕಂಡ್ರೆ ನಿಜಕ್ಕೂ ಅದೃಷ್ಟ. ಸ್ಲೋ ಲೋರಿಸ್ ರಾತ್ರಿ ಪ್ರಾಣಿ, ಹಗಲಲ್ಲಿ ಅದರ ಆಸೆ ಬಿಡಿ. ಎರಡನೇ ದಿನ ಬೆಳಗಿನ ನಡಿಗೆ ಮುಗಿಸಿ ಟೈಮಿದ್ರೆ ನಿಮತಿ ಘಾಟ್‌ಗೆ ಹೋಗಿ ಫೆರ್ರಿ ಹತ್ತಿ ಬ್ರಹ್ಮಪುತ್ರದ ನಡುವಿನ ದ್ವೀಪ ಮಾಜುಲಿ ನೋಡ್ಕೊಂಡು ಬರ್ಬೋದು, ಆದ್ರೆ ವಾಪಸ್ ಬರೋ ಕೊನೇ ಫೆರ್ರಿ ಟೈಮ್ ಘಾಟಲ್ಲೇ ಕೇಳ್ಕೊಂಡು ಹತ್ತಿ, ಇಲ್ಲಾಂದ್ರೆ ರಾತ್ರಿ ಅಲ್ಲೇ ಉಳೀಬೇಕಾಗತ್ತೆ.