ಶಂಖ ಒಡೆಯದೆ ಸನ್ಯಾಸಿ ಏಡಿ: ಹೊರತೆಗೆದು ಕುಟುಂಬ ಗುರುತಿಸಿದ ನನ್ನ ಅನುಭವ

ಖಾಲಿ ಶಂಖದೊಳಗೆ ಮೆತ್ತನೆಯ ಹೊಟ್ಟೆ ಅಡಗಿಸಿ ಬದುಕುವ ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್) ಶಂಖ ಒಡೆಯದೆ ಇಡಿಯಾಗಿ ಬರುವುದಿಲ್ಲ ಎಂದವರೇ ಹೆಚ್ಚು. ಬರುತ್ತದೆ. ಮಲ್ಪೆ ದಕ್ಕೆಯ ಟ್ರಾಲ್ ಬೋಟುಗಳ ಕಸದ ಮೀನಿನಿಂದ, ಕಾರವಾರದ ಬಂಡೆಗಳ ಸಂದಿನಿಂದ ಆರಿಸಿದ ಸುಮಾರು 140 ಏಡಿಗಳಲ್ಲಿ 120ರಷ್ಟು ಬಾಲದ ತುದಿಯ ಯೂರೋಪಾಡ್ (ಶಂಖಕ್ಕೆ ಕಚ್ಚಿಕೊಳ್ಳುವ ಪುಟ್ಟ ಕೊಂಡಿಗಾಲು) ಸಮೇತ ಹೊರಬಂದವು. ಒಂದೇ ಏಡಿಯಿಂದ ರೂಪಲಕ್ಷಣವೂ ಡಿಎನ್‌ಎಯೂ ಸಿಕ್ಕಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದರ ಲೆಕ್ಕ. ವೈಸ್‌ನಲ್ಲಿ ಬಿಗಿದು ಒಡೆದರೆ ಚೂರು ಮೆತ್ತನೆಯ ಹೊಟ್ಟೆಗೆ ನಾಟುತ್ತದೆ. ನಾಲ್ಕನೆಯ, ಐದನೆಯ ಪುಟ್ಟ ಕಾಲುಗಳು ಮೊದಲ ಏಟಿಗೇ ಹೋಗುತ್ತವೆ. ಜೀವಂತ ಏಡಿಯನ್ನು ನೇರವಾಗಿ ಆಲ್ಕೋಹಾಲ್‌ಗೆ ಹಾಕಿದರೆ ಕಾಲು ಕಳಚಿ, ಒಳಗೆ ಸೆಟೆದು ಕೂರುತ್ತದೆ. ಫಾರ್ಮಲಿನ್‌ನಲ್ಲಿ ಆಕಾರ ಚೆನ್ನಾಗಿ ಉಳಿಯಿತು, ಡಿಎನ್‌ಎ ಹಾಳಾಯಿತು. ಹಾಗೆ ಕಳೆದುಕೊಂಡದ್ದು ಒಂದು ಇಡೀ ಸೀಸನ್ನಿನ ಮಾದರಿ. ಏಡಿಗೆ ಮಂಪರು ಬರಲೆಂದು ಲೀಟರ್ ಸಿಹಿನೀರಿಗೆ 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿ, ಅಷ್ಟೇ ಸಮುದ್ರದ ನೀರು ಸೇರಿಸಿ ನೋಡಿದ್ದಾಯಿತು. ಹೂಜೀವಿಗಳು (ಸೀ ಅನಿಮೋನ್) ಮಲಗಿದವು, ಏಡಿಗಳು ಗಂಟೆಯ ನಂತರವೂ ಓಡಾಡುತ್ತಿದ್ದವು. ವಿನಿಗರ್‌ನಲ್ಲಿ ಶಂಖ ಕರಗಿಸುವ ಅಡ್ಡಪ್ರಯೋಗವೂ ನಡೆಯಿತು. ಶಂಖದಲ್ಲಿರುವ ಸುಣ್ಣವೇ ಏಡಿಯ ಹೊರಕವಚದಲ್ಲೂ ಇದೆಯಲ್ಲ, ಎರಡು ದಿನದಲ್ಲಿ ಏಡಿಯ ಇಕ್ಕಳದ (ಕಚ್ಚುವ ಮುಂಗಾಲಿನ) ಮೇಲಿನ ಮುಳ್ಳುಗಂಟುಗಳೆಲ್ಲ ಮೆತ್ತಗಾದವು.

ಕೊನೆಗೆ ಫಲ ಕೊಟ್ಟದ್ದು ಚಳಿ. ಏಡಿಯನ್ನು ಸಮುದ್ರದ ನೀರಿರುವ ಚೀಲದಲ್ಲಿಟ್ಟು ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಕರಗಿದ ಸಿಹಿನೀರು ಏಡಿಗೆ ತಗುಲಿದರೆ ಕಾಲು ಉದುರಿಸುತ್ತದೆ. ಸ್ತಬ್ಧವಾದ ಮೇಲೆ ಮೈನಸ್ 20ರಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಕರಗಲು ಬಿಡಿ. ಹೆಬ್ಬೆರಳಿನಷ್ಟು ಶಂಖಕ್ಕೆ ನಲವತ್ತು ನಿಮಿಷ ಬೇಕು. ಕಡಿಮೆಯಾದರೆ ಯೂರೋಪಾಡ್ ಒಳಗಿನ ಕಂಬಕ್ಕೆ ಕಚ್ಚಿಕೊಂಡೇ ಇರುತ್ತದೆ, ಹೆಚ್ಚಾದರೆ ಹೊಟ್ಟೆ ಹರಿಯುತ್ತದೆ. ಇಕ್ಕಳವನ್ನೂ ನಡೆಯುವ ಕಾಲುಗಳನ್ನೂ ಬುಡದಲ್ಲಿ ಒಟ್ಟಿಗೆ ಹಿಡಿದು, ಬಾಟಲಿಯ ಮುಚ್ಚಳ ಬಿಚ್ಚುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ನಮ್ಮಲ್ಲಿ ಸಿಗುವ ಶಂಖಗಳು ಹೆಚ್ಚುಕಡಿಮೆ ಎಲ್ಲವೂ ಬಲಸುರುಳಿಯವು, ಅದಕ್ಕೇ ಆ ದಿಕ್ಕು. ಟರಿಟೆಲ್ಲಾದಂಥ ಉದ್ದ ಶಂಖವಾದರೆ ತುದಿಯಲ್ಲಿ ಒಂದು ಮಿಲಿಮೀಟರ್ ರಂಧ್ರ ಕೊರೆದು ಸಿರಿಂಜಿನಿಂದ ನೀರು ಒತ್ತಿ. ಸಿರಿಂಜಿನ ಸೂಜಿಯನ್ನು ರಂಧ್ರಕ್ಕೆ ಸೋರದಂತೆ ಕೂರಿಸುವ ಉಪಾಯ ಒಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಫ್ರೀಜರ್‌ಗೆ ಹೋಗುವ ಮೊದಲೇ ಫೋಟೋ ಆಗಬೇಕು. ಕ್ಲಿಬನೇರಿಯಸ್ ಎಂಬ ಸನ್ಯಾಸಿ ಏಡಿ ಕುಲದ ಜಾತಿಗಳನ್ನು ಬೇರ್ಪಡಿಸುವ ಕಾಲಿನ ಪಟ್ಟೆ, ಕಣ್ಣುಕಾಂಡದ ಬಣ್ಣ ಆಲ್ಕೋಹಾಲ್‌ನಲ್ಲಿ ಉಳಿಯುವುದಿಲ್ಲ.

ಇಡಿಯಾಗಿ ತೆಗೆಯಲು ಇಷ್ಟು ಹಟ ಯಾಕೆಂದರೆ, ಎಡ ಇಕ್ಕಳ ದೊಡ್ಡದಾದರೆ ಡಯೋಜೆನಿಡೆ ಕುಟುಂಬ, ಬಲ ದೊಡ್ಡದಾದರೆ ಪಗುರಿಡೆ ಕುಟುಂಬ ಎಂದು ವಿಂಗಡಿಸುವ ರೂಢಿ ಬಹಳ ಸಲ ಕೈಕೊಡುತ್ತದೆ. ಕ್ಲಿಬನೇರಿಯಸ್ ಡಯೋಜೆನಿಡೆಯೇ, ಆದರೆ ಎರಡೂ ಇಕ್ಕಳ ಸುಮಾರು ಸಮ. ಇನ್ನು ಅದೇ ಕುಟುಂಬದ ಡಯೋಜೆನೆಸ್ ಕುಲದ ಏಡಿಯೊಂದು ಎಡ ಇಕ್ಕಳ ಕಳೆದುಕೊಂಡು ಮತ್ತೆ ಬೆಳೆಸುತ್ತಿದ್ದರೆ ಬಲವೇ ದೊಡ್ಡದಾಗಿ ಕಾಣುತ್ತದೆ. ನನ್ನ ಪಗುರಿಡೆ ಡಬ್ಬಿಯಲ್ಲಿ ಅಂಥವು ಏಳೆಂಟು ಸಿಕ್ಕವು. ಮೂರನೆಯ ಮ್ಯಾಕ್ಸಿಲಿಪೆಡ್‌ಗಳ (ಬಾಯಿಯ ಹೊರಗಿನ ಜೋಡಿ ಅಂಗಗಳ) ಬುಡ ನೋಡಿ. ಒಂದಕ್ಕೊಂದು ಹತ್ತಿರವಿದ್ದರೆ ಡಯೋಜೆನಿಡೆ, ನಡುವೆ ಅಗಲವಾದ ಜಾಗವಿದ್ದರೆ ಪಗುರಿಡೆ. ಒಡೆದ ಮಾದರಿಯಲ್ಲಿ ಜಜ್ಜಿಹೋಗುವುದು ಅದೇ ಭಾಗ. ಶಂಖದ ಹೆಸರನ್ನು ಚೀಟಿಯಲ್ಲಿ ಬರೆದಿಡಿ, ಆದರೆ ಅದರಿಂದ ಕುಟುಂಬ ತೀರ್ಮಾನಿಸಬೇಡಿ.

ಡಿಎನ್‌ಎಗೆ ಬಲಗಡೆಯ ಮೂರನೆಯ ಕಾಲಿನ ಸ್ನಾಯು ಅಕ್ಕಿಕಾಳಿನಷ್ಟು ಸಾಕು. ಎಡಗಡೆಯ ಮೂರನೆಯ ಕಾಲನ್ನು ಮುಟ್ಟಬೇಡಿ, ಜಾತಿಯ ವಿವರಣೆಗಳಲ್ಲಿ ಚಿತ್ರ ಇರುವುದು ಸಾಮಾನ್ಯವಾಗಿ ಅದರದ್ದೇ. ಶಂಖದಿಂದ ಬಂದ ಕೂಡಲೇ ಸ್ನಾಯು 95% ಎಥೆನಾಲ್‌ಗೆ ಹೋಗಬೇಕು, ಮರುದಿನ ಎಥೆನಾಲ್ ಬದಲಿಸಬೇಕು. ಹಣ ಹೋಗುವುದು ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್‌ಎ ಅಕ್ಷರಗಳನ್ನು ಓದಿಸುವುದಕ್ಕೆ: ನನಗೆ ಒಂದು ದಿಕ್ಕಿನ ಓದಿಗೆ 350 ರೂಪಾಯಿಯ ಆಸುಪಾಸು ಬಿತ್ತು. ಅರವತ್ತು ಕಳಿಸಿದ್ದರಲ್ಲಿ ಐವತ್ತರ ಹತ್ತಿರ ಶುದ್ಧವಾಗಿ ಬಂದವು. ಜಾತಿ ಗುರುತಿಸಲು ಬಳಸುವ ಸಿಒಐ ಜೀನಿಗೆ, ನಕಲು ಶುರುಮಾಡುವ ಪುಟ್ಟ ಡಿಎನ್‌ಎ ತುಂಡುಗಳಾಗಿ 1994ರ ಫೋಲ್ಮರ್ ಪ್ರೈಮರ್‌ಗಳೇ ಸಾಕಾದವು, ಅವು ಅಂಟುವ (ಅನೀಲಿಂಗ್) ಉಷ್ಣತೆ 48 ಡಿಗ್ರಿ. ಸೀಕ್ವೆನ್ಸ್ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಅಲ್ಲಿಗೇ ನಿಲ್ಲಿಸುವ ಸಂಕೇತ) ಕಂಡರೆ ಅದು ಬಹುಪಾಲು ನ್ಯೂಕ್ಲಿಯಸ್ ಒಳಗಿನ ನಿಷ್ಕ್ರಿಯ ನಕಲು, ಎಸೆಯಿರಿ.

ಸಿಒಐ ಜಾತಿಗೆ ಒಳ್ಳೆಯದು, ಕುಟುಂಬದ ಬೇರಿಗೆ ಸಾಲದು. ಅದೊಂದರಿಂದಲೇ ಕಟ್ಟಿದ ವಂಶವೃಕ್ಷದಲ್ಲಿ ಬಂಡೆಯಡಿಯ ಪಿಂಗಾಣಿ ಏಡಿಗಳು ಸನ್ಯಾಸಿ ಏಡಿಗಳ ನಡುವೆ ಹೋಗಿ ಕೂತವು. 16ಎಸ್ ಮತ್ತು 18ಎಸ್ ಎಂಬ ಇನ್ನೆರಡು ಜೀನುಗಳನ್ನು ಸೇರಿಸಿದ ಮೇಲೆ ಸರಿಯಾಯಿತು. ತೆಂಗಿನ ಏಡಿ ಸೇರಿದ ನೆಲದ ಕೀನೊಬಿಟಿಡೆ ಗುಂಪು ಡಯೋಜೆನಿಡೆಯ ಒಳಗಿನಿಂದಲೇ ಕವಲೊಡೆಯಿತು. ಹೋಲಿಕೆಗೆ ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಭಂಡಾರದಿಂದ ತಂದ ಕಿಂಗ್ ಏಡಿಗಳು ಪಗುರಿಡೆಯ ಮಗ್ಗುಲಿಗೆ ಬಂದವು. 1992ರಲ್ಲಿ ಕನಿಂಗ್‌ಹ್ಯಾಮ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಅವು ಪಗುರಿಡೆಯ ಒಳಗಿನಿಂದಲೇ ಕವಲೊಡೆದವು ಎಂದಿದ್ದರು. ನೋಡಲು ಅಪ್ಪಟ ಏಡಿಯಂತಿರುವ ಕಿಂಗ್ ಏಡಿಯ ಹೆಣ್ಣಿನ ಹೊಟ್ಟೆ ಇಂದಿಗೂ ಓರೆ, ಮೊಟ್ಟೆ ಹೊರುವ ಕಾಲುಗಳು ಹೆಚ್ಚಾಗಿ ಎಡಬದಿಗೆ. ಶಂಖ ಬಿಟ್ಟರೂ ಶಂಖದ ತಿರುವು ಮೈಯಲ್ಲಿ ಉಳಿದಿದೆ. ಇದನ್ನು ಸ್ವಂತ ಕಂಪ್ಯೂಟರಿನಲ್ಲಿ ಕಂಡ ಸಂತೋಷಕ್ಕೆ ಖರ್ಚಾದ ಹಣ ಹೆಚ್ಚೆನಿಸಲಿಲ್ಲ.

ಪಿಂಗಾಣಿ ಏಡಿಯನ್ನು ಮಾಮೂಲಿ ಏಡಿಯಿಂದ ಸ್ಥಳದಲ್ಲೇ ಬೇರ್ಪಡಿಸಲು ಇಕ್ಕಳ ಬಿಟ್ಟು ಕಾಲು ಎಣಿಸಿ: ಮೂರೇ ಜೊತೆ ಕಾಣುತ್ತವೆ, ಕೊನೆಯದು ಪುಟ್ಟದಾಗಿ ಮಡಚಿಕೊಂಡಿರುತ್ತದೆ. ಉದ್ದ ಮೀಸೆ ಕಣ್ಣುಗಳ ಹೊರಮಗ್ಗುಲಿನಿಂದ ಹೊರಡುತ್ತದೆ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳು ದಡದಲ್ಲಿರುವುದರಿಂದ ಕಸದ ಮೀನು ಬರುವುದಿಲ್ಲ. ಆಳದ ಮಾದರಿಗಳನ್ನು ಮೇ ಮುಗಿಯುವುದರೊಳಗೆ ಫ್ರೀಜರ್‌ಗೆ ಸೇರಿಸಿಕೊಳ್ಳಿ.